ಕಾಯಿ ಒಡೆಯದ ಕೈ

ಎಳನೀರು ವ್ಯಾಪಾರಿ ಮಚ್ಚು ಮುಟ್ಟುವುದಿಲ್ಲ ಅಂದರೆ ಯಾರು ತಾನೆ ನಗುವುದಿಲ್ಲ? ಕೊಪ್ಪದ ಕೆಂಪರಾಜುವನ್ನು ನೋಡಿ ಮದ್ದೂರಿನ ಎಳನೀರು ಮಾರುಕಟ್ಟೆ ಆರೇಳು ತಿಂಗಳಿಂದ ನಗುತ್ತಲೇ ಇತ್ತು.

ಬೆಳಗಿನ ಹೊತ್ತು ಅವನನ್ನು ನೋಡಬೇಕು. ಹಸಿರು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಎಳನೀರನ್ನೂ ಕಿವಿಯ ಹತ್ತಿರ ಹಿಡಿದು ಎರಡು ಬೆರಳಿನಲ್ಲಿ ತಟ್ಟುತ್ತಾನೆ. ತಟ್ಟಿ, ಕಣ್ಣು ಅರೆಮುಚ್ಚಿ, ಒಳಗಿರುವವರು ಉತ್ತರ ಕೊಡಲಿ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಬರೀ ನೀರು ತುಂಬಿದ್ದು ಒಂದು ಕಡೆ, ಒಳಗೆ ಎಳೆ ತಿರುಳು ಕಟ್ಟಿದ್ದು ಇನ್ನೊಂದು ಕಡೆ. ಆ ತಿರುಳಿಗೆ ನಮ್ಮ ಕಡೆ ಗಂಜಿ ಅನ್ನುತ್ತಾರೆ. ಗಂಜಿ ಕಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವನ ಕಿವಿ ತಪ್ಪಿದ್ದು ಕಡಿಮೆ. ಆದರೆ ಗಿರಾಕಿ ಬಂದು ‘ಒಂದು ಕೊಡಪ್ಪ’ ಅಂದರೆ ಸಾಕು, ಎದ್ದು ದೂರ ಹೋಗಿ ನಿಲ್ಲುತ್ತಿದ್ದ. ಕೊಚ್ಚುವ ಕೆಲಸ ಅವನ ಪಾಲುದಾರ ಅಪ್ಪುವಿನದು. ಮಚ್ಚು ಬಿದ್ದ ಸದ್ದಿಗೆ ಪ್ರತಿ ಸಲವೂ ಕೆಂಪರಾಜುವಿನ ಭುಜ ಸಣ್ಣಗೆ ಬೆಚ್ಚುತ್ತಿತ್ತು.

"ಅಲ್ಲ ಕಣ್ಲಾ ಕೆಂಪ," ಅಪ್ಪು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. "ಬಸುರಿ ಗಂಡ ತೆಂಗಿನಕಾಯಿ ಒಡೀಬಾರ್ದು ಅಂತ ಸಾಸ್ತ್ರ. ಒಪ್ಕೊಂಡೆ. ಎಳನೀರ್ ಕೊಚ್ಚಬಾರ್ದು ಅಂತ ಯಾರ್ಲಾ ಯೋಳವ್ರೆ?"

"ಎಳನೀರು ಬಲಿತ್ರೆ ಏನಾಯ್ತದ್ಲಾ?"

"ಕಾಯಾಯ್ತದೆ."

"ಮತ್ತೆ?" ಅಂದ ಕೆಂಪರಾಜು. ಅಪ್ಪು ತಲೆ ಕೆರೆದುಕೊಂಡ. ಈ ವಾದಕ್ಕೆ ಮದ್ದೂರಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹೊರಗಿನವರಿಗೆ ಇದು ತಮಾಷೆಯ ವಿಷಯ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ನೋಡು ಅಂತ ಕೆಲವರು ಹೊಗಳಿದ್ದೂ ಉಂಟು. ಅವನ ಹೆಂಡತಿ ಕುಸುಮಳನ್ನು ಕೇಳಿದ್ದರೆ ಬೇರೆ ಮಾತು ಕೇಳಿಸುತ್ತಿತ್ತು. ಎಂಟು ತಿಂಗಳ ಬಸುರಿ ಅವಳು. ಅಷ್ಟು ದಿನದಲ್ಲಿ ಅವಳ ಗಂಡ ಒಂದೇ ಒಂದು ಸಲವೂ ಅವಳ ಹೊಟ್ಟೆಯ ಮೇಲೆ ಕೈ ಇಟ್ಟಿರಲಿಲ್ಲ.

ಇದರ ಬುಡ ಹುಡುಕಿಕೊಂಡು ಹೋದರೆ ಎರಡು ವರ್ಷ ಹಿಂದೆ ಹೋಗಬೇಕು. ಊರಲ್ಲಿ ಕೆಂಪರಾಜುವಿನ ಕೈಗುಣಕ್ಕೆ ಹೆಸರಿತ್ತು. ಯಾರೇ ಹೊಸದಾಗಿ ತೋಟ ಹಾಕಲಿ, ಮೊದಲ ಸಸಿ ಅವನ ಕೈಯಲ್ಲಿ ನೆಡಿಸುತ್ತಿದ್ದರು. ಅವನು ನೆಟ್ಟರೆ ಬೇರು ಹಿಡಿಯದೆ ಇರುವುದಿಲ್ಲ ಅನ್ನುವುದು ನಂಬಿಕೆ. ಹಾಗಾಗಿ ಅವನದೇ ಹೊಸ ಟೆಂಪೊ ಬಂದ ದಿನ ಗುಡಿಯ ಮುಂದೆ ಗಾಡಿ ಪೂಜೆಯ ಕಾಯಿಯನ್ನು ಅವನೇ ಒಡೆದದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ‘ಕೈ ಅಂದ್ರೆ ಇದು ಕಣ್ಲಾ’ ಅಂದರು ಜನ.

ಕುಸುಮಳಿಗೆ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಆ ಸುದ್ದಿಯನ್ನು ಬೆಲ್ಲದ ಚೂರಿನ ಹಾಗೆ ಬಾಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರು. ಅದೇ ವಾರ ಮಂಡ್ಯದ ಆಸ್ಪತ್ರೆಯಲ್ಲಿ ಆ ಸುದ್ದಿ ಮುಗಿದುಹೋಯಿತು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಇದು ಯಾರ ತಪ್ಪೂ ಅಲ್ಲ, ಎಷ್ಟೋ ಜನಕ್ಕೆ ಹೀಗಾಗುತ್ತದೆ, ಮುಂದಿನ ಸಲ ಸರಿಹೋಗುತ್ತದೆ ಅಂತ ನಿಧಾನವಾಗಿ ಹೇಳಿದರು. ಕೆಂಪರಾಜು ತಲೆ ಆಡಿಸಿದ.

ಅವನ ತಾಯಿ ಚಿಕ್ಕಬೋರಮ್ಮ ಕೆಟ್ಟವಳಲ್ಲ. ವಿಷಯ ತಿಳಿದ ದಿನವೇ ಸೊಸೆಯನ್ನು ಹಾಸಿಗೆಯಿಂದ ಏಳಬೇಡ ಅಂತ ಗದರಿಸಿ, ಮೆಣಸಿನ ಸಾರು ಮಾಡಿ ಬಿಸಿಬಿಸಿಯಾಗಿ ಉಣ್ಣಿಸಿದವಳು. ಆದರೆ ರಾಗಿ ಕೇರುವಾಗ ಮೊರದ ಜೊತೆ ಮಾತಾಡುವುದು ಅವಳ ಅಭ್ಯಾಸ. "ಬಸುರಿ ಗಂಡ ಕಾಯಿ ಒಡೀಬಾರ್ದಿತ್ತು. ಒಂದ್ಮಾತು ಯೋಳಿದ್ರೆ ನಾನಾದ್ರೂ ತಡೀತಿದ್ದೆ," ಅಂತ ಮೊರಕ್ಕೆ ಹೇಳಿದಳು. ಮೊರ ಅದನ್ನು ಮರೆತಿರಬೇಕು. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಕೆಂಪರಾಜು ಮರೆಯಲಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ಗಾದೆ ಅವನಿಗೂ ಗೊತ್ತಿತ್ತು. ಟೊಂಗೆ ನಮ್ಮ ಮನೆಯದಾದಾಗ ಗಾದೆ ಕೆಲಸಕ್ಕೆ ಬರುವುದಿಲ್ಲ.

ಆ ಸಾಯಂಕಾಲ ಅವನು ಗುದ್ದಲಿ ತೆಗೆದುಕೊಂಡು ನಾಲೆಯ ಪಕ್ಕದ ತಮ್ಮ ತೋಟಕ್ಕೆ ಹೋಗಿ, ಮೂಲೆಯಲ್ಲಿ ಒಂದು ತೆಂಗಿನ ಸಸಿ ನೆಟ್ಟು ಬಂದ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಕುಸುಮಳಿಗೂ ಹೇಳಲಿಲ್ಲ. ಕೇಳಿದವರಿಗೆ, ಮೂಲೆ ಸುಮ್ಮನೆ ಬಿದ್ದಿತ್ತು, ಅದಕ್ಕೆ ನೆಟ್ಟೆ ಅಂದ. ಸಸಿ ಬೇರು ಹಿಡಿಯಿತು. ನಾಲೆಗೆ ನೀರು ನಿಂತು ಅಕ್ಕಪಕ್ಕದವರ ಸಸಿಗಳೆಲ್ಲ ಸೊರಗಿದ ಬೇಸಿಗೆಯಲ್ಲೂ ಅದೊಂದು ಹಸಿರಾಗಿ ನಿಂತಿತ್ತು. ನೋಡಿದವರು ‘ಎಲ್ಲ ನಿನ್ನ ಕೈಗುಣ’ ಅನ್ನುವಾಗ ಅವನು ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಿದ್ದ.

ಕುಸುಮ ಮತ್ತೆ ಬಸುರಿಯಾದಾಗ ಅವನಿಗೆ ಸಂತೋಷ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು. ಎಷ್ಟು ಆಯಿತೆಂದರೆ ಅವನಿಗೇ ಹೆದರಿಕೆಯಾಗಿ, ಉಕ್ಕುವ ಹಾಲಿಗೆ ನೀರು ಚಿಮುಕಿಸುವಂತೆ ತಾನೇ ಅದನ್ನು ತಣಿಸಿಬಿಟ್ಟ. ಮಚ್ಚು ಬಿಟ್ಟ. ಮಗುವಿನ ಮಾತು ಬಿಟ್ಟ. ಸ್ಕ್ಯಾನಿಂಗಿಗೆ ತಾಯಿಯನ್ನು ಜೊತೆ ಮಾಡಿ ಕಳಿಸಿ, ತಾನು ಆಸ್ಪತ್ರೆಯ ಹೊರಗೆ ಟೆಂಪೊದಲ್ಲಿ ಕೂತ. ತನ್ನ ನೆರಳು ಬೀಳದಿದ್ದರೆ ಆ ಜೀವ ನೆಮ್ಮದಿಯಾಗಿ ಬೆಳೆದೀತು ಅನ್ನುವುದು ಅವನ ಲೆಕ್ಕಾಚಾರ. ಊರಿಗೆಲ್ಲ ಸಸಿ ನೆಡುವವನ ಬುದ್ಧಿ ನೋಡಿ.

ಕುಸುಮ ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಸಾಯಂಕಾಲ ಜನ ತರುವ ಹಾಲನ್ನು ಅಳೆದು, ಪರೀಕ್ಷೆ ಮಾಡಿ, ನೀರು ಬೆರೆಸಿದವರ ಮುಖ ನೋಡದೆ ‘ನಾಳೆಯಿಂದ ಸರಿಯಾಗಿ ತನ್ನಿ’ ಅನ್ನುವ ಗಟ್ಟಿಗಿತ್ತಿ. ಗಂಡನಿಗೆ ಜನರ ಮುಂದೆ ‘ನೀವು’ ಅನ್ನುತ್ತಿದ್ದಳು, ಒಳಗೆ ‘ನೀನು’. ಐದನೇ ತಿಂಗಳಲ್ಲಿ ಮಗು ಮೊದಲ ಸಲ ಮಿಸುಕಿದಾಗ ಸೀದಾ ಮನೆಗೆ ಬಂದು, ಆಗಷ್ಟೇ ಮಾರುಕಟ್ಟೆಯಿಂದ ಬಂದಿದ್ದ ಗಂಡನ ಕೈ ಹಿಡಿದು ಎಳೆದುಕೊಂಡಳು. ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆ ತೆಗೆದುಕೊಂಡ.

"ಕೈಯೆಲ್ಲ ಎಳನೀರಿನ ಕರೆ ಕಣೇ. ತೊಳ್ಕೊಂಡು ಬತ್ತೀನಿ."

ಬಚ್ಚಲಿಗೆ ಹೋದ. ತೊಳೆದ. ಇನ್ನಷ್ಟು ತೊಳೆದ. ಎಳನೀರಿನ ಕರೆ ಸೋಪಿಗೆ ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿಲ್ಲದ್ದೇನಲ್ಲ. ಬರುವಷ್ಟರಲ್ಲಿ ಕುಸುಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಇನ್ನೊಂದು ಸಲ ಕರೆದಾಗಲೂ ಅದೇ ಮಾತು, ಅದೇ ಬಚ್ಚಲು. ಆಮೇಲೆ ಅವಳು ಕರೆಯಲಿಲ್ಲ. ನಾಲ್ಕು ಗೋಡೆಯ ಒಳಗೂ ‘ನೀವು’ ಅನ್ನುವುದು ಶುರುವಾಯಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳವನ್ನೇ ಆಡದೆ ಹೋದರೆ ಉಂಡು ಮಲಗಿ ಏನು ಪ್ರಯೋಜನ? ಕೆಂಪರಾಜು ದಿನವೂ ರಾಶಿಯಲ್ಲಿ ಅತಿ ಒಳ್ಳೆಯ ಎಳನೀರು, ತೆಳ್ಳಗೆ ಗಂಜಿ ಕಟ್ಟಿದ್ದು, ಕಿವಿಗೊಟ್ಟು ಆರಿಸಿ ತಂದು ಹೊಸ್ತಿಲ ಹತ್ತಿರ ಇಡುತ್ತಿದ್ದ. ಕೊಚ್ಚಿ ಕೊಡುತ್ತಿರಲಿಲ್ಲ. ಚಿಕ್ಕಬೋರಮ್ಮ ಕುಡುಗೋಲಿನಲ್ಲಿ ಗುದ್ದಾಡಿ ಅರ್ಧ ನೀರು ನೆಲಕ್ಕೆ ಚೆಲ್ಲಿ ಉಳಿದದ್ದನ್ನು ಸೊಸೆಗೆ ಕೊಡುತ್ತಿದ್ದಳು. ಕುಸುಮ ಕುಡಿಯುತ್ತಾ ಯೋಚಿಸುತ್ತಿದ್ದಳು: ಮಾರುಕಟ್ಟೆಯ ಎಲ್ಲ ಎಳನೀರಿಗೂ ಕಿವಿ ಕೊಡುತ್ತಾನೆ, ಇಲ್ಲಿಗೆ ಮಾತ್ರ ಕೊಡುವುದಿಲ್ಲ. ಇವನಿಗೆ ಈ ಮಗು ಬೇಡ.

ಸೀಮಂತ ಮುಗಿಯಿತು. ಮಡಿಲು ತುಂಬಿಸಿಕೊಂಡು ಕುಸುಮ ತವರಿಗೆ ಹೊರಟಳು. ಅವಳ ತವರು ಮಳವಳ್ಳಿ ಕಡೆಯ ಪೂರಿಗಾಲಿ. ಟೆಂಪೊದ ಮುಂದಿನ ಸೀಟಿಗೆ ಎರಡು ದಿಂಬು ಹಾಕಿ, ಗುಂಡಿ ಬಂದ ಕಡೆಯೆಲ್ಲ ಎತ್ತಿನಗಾಡಿಗಿಂತ ನಿಧಾನವಾಗಿ ಓಡಿಸಿಕೊಂಡು ಕೆಂಪರಾಜುವೇ ಕರೆದುಕೊಂಡು ಹೋದ. ಕಬ್ಬಿನ ಟ್ರಾಕ್ಟರುಗಳು ಹಾರ್ನ್ ಹೊಡೆದು ಬೈದು ಮುಂದೆ ಹೋದವು. ಪೂರಿಗಾಲಿಯ ಬಾಗಿಲಲ್ಲಿ ಮಾವ ಕರಿಯಪ್ಪ ಕಾಲಿಗೆ ನೀರು ತರಲು ಒಳಗೆ ಹೋದಾಗ ಕುಸುಮ ಸೀಟಿನಿಂದ ಇಳಿದು, ಅವನ ಕಡೆ ತಿರುಗದೆ ಹೇಳಿದಳು.

"ನಿಮ್ಮದೊಂದು ಫೋಟೋ ಮಡಿಕ್ಕಂಡಿವ್ನಿ. ಇವ್ರೇ ನಿಮ್ಮಪ್ಪ ಅಂತ ಮಗೀಗೆ ತೋರುಸ್ತೀನಿ. ನೀವೇನೂ ತೊಂದ್ರೆ ತಗಾಬೇಡಿ."

ವಾಪಸು ಬರುವಾಗ ದಿಂಬುಗಳು ಮಾತ್ರ ಪಕ್ಕದಲ್ಲಿದ್ದವು. ಅವಳು ಹೇಳಿದ್ದು ಸುಮ್ಮನೆ ಅಲ್ಲ ಅಂತ ಅವನಿಗೆ ಗೊತ್ತಿತ್ತು. ಕುಸುಮ ಸುಮ್ಮನೆ ಮಾತಾಡುವವಳಲ್ಲ. ಹೆರಿಗೆಯಾದ ಮೇಲೂ ಅವಳು ಪೂರಿಗಾಲಿಯಲ್ಲೇ ಉಳಿದುಬಿಟ್ಟರೆ? ಬಂದರೂ, ತನ್ನ ಮಗುವಿನ ಮುಂದೆ ತಾನು ನೆಂಟನ ಹಾಗೆ ಚಾಪೆಯ ತುದಿಯಲ್ಲಿ ಕೂರುವುದಾದರೆ? ಮಗುವನ್ನು ಉಳಿಸಿಕೊಳ್ಳಬೇಕು ಅಂತ ದೂರ ನಿಂತವನು ಈಗ ಮಗುವನ್ನೂ ಅದರ ತಾಯಿಯನ್ನೂ ಒಟ್ಟಿಗೆ ಕಳೆದುಕೊಳ್ಳುವ ಹಾಗಿತ್ತು.

ನಾಲೆ ನಿಂತು ಆಗಲೇ ಕೆಲವು ವಾರ ಆಗಿತ್ತು. ಬಿಸಿಲು ಬೆಳಿಗ್ಗೆಯೇ ನೆಲಕ್ಕೆ ಕೂತುಬಿಡುತ್ತಿತ್ತು. ಒಂದು ದಿನ ತೋಟದ ಮೂಲೆಗೆ ಹೋದ ಕೆಂಪರಾಜು ಹಾಗೇ ನಿಂತ. ಸಸಿ ಬಾಡಿತ್ತು. ಎರಡು ಬೇಸಿಗೆಯಲ್ಲಿ ಒಂದು ಗರಿಯೂ ಬಾಗದೆ ನಿಂತ ಸಸಿ. ಈಗ ಗರಿಗಳ ತುದಿ ಕಂದಿ, ಬುಡದ ಮಣ್ಣು ಬಿರುಕು ಬಿಟ್ಟಿತ್ತು. ಅವನು ಕೂತು ಮಣ್ಣು ಮುಟ್ಟಿದ. ತರಗೆಲೆ ಸರಿಸಿದ. ಬುಡದ ಪಕ್ಕದಲ್ಲಿ, ಕಲ್ಲಿನ ಮರೆಯಲ್ಲಿ, ನೀಲಿ ಬಣ್ಣದ ಒಂದು ಪ್ಲಾಸ್ಟಿಕ್ ಜಗ್ಗು ಬೋರಲು ಬಿದ್ದಿತ್ತು. ಹಿಡಿ ಮುರಿದು ಅಲ್ಲಿಗೆ ಹಗ್ಗ ಕಟ್ಟಿದ ಜಗ್ಗು. ಅದನ್ನು ಎಲ್ಲಿ ನೋಡಿದ್ದೇನೆ ಅಂತ ಅವನು ಹುಡುಕಬೇಕಾಗಲಿಲ್ಲ. ಡೈರಿಯಲ್ಲಿ ಹಾಲಿನ ಕ್ಯಾನು ತೊಳೆಯುವ ಜಗ್ಗು ಅದು, ಕುಸುಮಳ ಕೈಯಲ್ಲಿ ನೂರು ಸಲ ನೋಡಿದ್ದ.

ಸಾಯಂಕಾಲ ಅವಳು ಮನೆಗೆ ಬರುವಾಗ ಚೂಡಿದಾರದ ಅಂಚು ಒದ್ದೆಯಾಗಿರುತ್ತಿತ್ತು. ಕಾಲಿಗೆ ಮಣ್ಣು ಮೆತ್ತಿರುತ್ತಿತ್ತು. ಡೈರಿ ತೊಳೆದು ಬಂದಿದ್ದಾಳೆ ಅಂತ ಅವನು ಅಂದುಕೊಂಡಿದ್ದ. ಡೈರಿಯ ನೆಲ ಸಿಮೆಂಟಿನದು, ಅಲ್ಲಿ ಮಣ್ಣು ಎಲ್ಲಿಂದ ಬರಬೇಕು ಅಂತ ಅವನಿಗೆ ಇಷ್ಟು ದಿನ ಹೊಳೆದಿರಲಿಲ್ಲ.

ಮನೆಗೆ ಬಂದು ತಾಯಿಗೆ ಜಗ್ಗು ತೋರಿಸಿದ. ಚಿಕ್ಕಬೋರಮ್ಮ ಅವನ ಮುಖವನ್ನೇ ನೋಡಿದಳು.

"ಡೈರಿ ಮುಗುಸ್ಕಂಡು ದಿನಾ ಆ ಮೂಲೆಗೆ ಓಗಿ ಬತ್ತಿದ್ಲು ಕಣ್ಲಾ. ಕ್ಯಾನ್ ತೊಳ್ದ ನೀರ ಒತ್ಕೊಂಡೋಗಿ ಉಯ್ತಿದ್ಲು. ಬಸುರಿ ಬಾರ ಎತ್ಬೇಡ ಕಣವ್ವ ಅಂದ್ರೆ, ಒಸೀನೇ ನೀರು ಅತ್ತೆ ಅಂತಿದ್ಲು. ನೀನೇ ಯೋಳಿದ್ಯೇನೋ ಅಂದ್ಕೊಂಡಿದ್ದೆ."

ಕೆಂಪರಾಜು ಬೋರಿನಿಂದ ನೀರು ತಂದು, ಅದೇ ಜಗ್ಗಿನಲ್ಲಿ ಸಸಿಗೆ ಹೊಯ್ದ. ಮಣ್ಣು ಸದ್ದು ಮಾಡಿಕೊಂಡು ಕುಡಿಯಿತು. ಆಮೇಲೆ ಅಭ್ಯಾಸಬಲದಿಂದ ಟೆಂಪೊಗೆ ಒಂದು ಗೊನೆ ಎಳನೀರು ಹಾಕಿಕೊಂಡು, ಪಕ್ಕದ ಸೀಟಿನ ಮೇಲೆ ನೀಲಿ ಜಗ್ಗನ್ನು ಕೂರಿಸಿಕೊಂಡು ಪೂರಿಗಾಲಿಗೆ ಹೊರಟ.

ತಲುಪಿದಾಗ ಮಧ್ಯಾಹ್ನ. ಬಿಸಿಲಿಗೆ ಬೀದಿಯೇ ಕಣ್ಣು ಮುಚ್ಚಿಕೊಂಡಿತ್ತು. ಕರಿಯಪ್ಪ ಗದ್ದೆಗೆ ಹೋಗಿದ್ದ, ಅತ್ತೆ ಮಳವಳ್ಳಿ ಸಂತೆಗೆ. ಕುಸುಮ ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬೆಳಕಿಂಡಿಯಿಂದ ಬಿದ್ದ ಬಿಸಿಲು ಅವಳ ಪಾದದ ಹತ್ತಿರ ಒಂದು ಚೌಕವಾಗಿ ಬಿದ್ದಿತ್ತು. ಅವನು ಎಳನೀರು ಅಂಗಳದಲ್ಲಿಟ್ಟು ಒಳಗೆ ಬಂದು, ಜಗ್ಗನ್ನು ಆ ಬಿಸಿಲಿನ ಚೌಕದಲ್ಲಿಟ್ಟ. ನೆಲವೆಲ್ಲ ತೆಳು ನೀಲಿಯಾಯಿತು.

ಕುಸುಮ ಜಗ್ಗು ನೋಡಿದಳು. ಅವನನ್ನು ನೋಡಿದಳು.

"ಸಸಿ ಎಂಗದೆ?" ಅಂದಳು.

"ಬಾಡಿತ್ತು. ನೀರಾಕಿ ಬಂದೆ."

ಕೆಂಪರಾಜು ಜಗ್ಗಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅದ ಯಾಕೆ ನೆಟ್ಟೆ ಅಂತ ನಿಂಗೆ ಯಾರ್ ಯೋಳುದ್ರು?"

"ಯಾರು ಯೋಳ್ಬೇಕು? ಮಲ್ಗಿದ್ದೋಳ್ಗೆ ಕಣ್ಣಿರ್ಲಿಲ್ವಾ? ಗುದ್ದಲಿ ತಕ್ಕೊಂಡು ಓದೋನು ಕಣ್ಣು ಕೆಂಪು ಮಾಡ್ಕೊಂಡು ಬಂದೆ. ಏಳಂಗಾದ ದಿವ್ಸ ಓಗಿ ನೋಡ್ದೆ. ಮನೇಲಿ ಅತ್ರೆ ನಿಂಗೆ ಸಂಕಟ ಆಯ್ತದೆ ಅಂತ ಅಲ್ಲೋಗಿ ಕುಂತು ಅತ್ತಿವ್ನಿ."

‘ನೀನು’ ಅನ್ನುತ್ತಿದ್ದಾಳೆ ಅಂತ ಕೆಂಪರಾಜುವಿಗೆ ಆಗ ಗಮನಕ್ಕೆ ಬಂತು. ಅವಳಿಗೆ ಬಂದಿರಲಿಲ್ಲ. ಅವಳ ದನಿ ಗಟ್ಟಿಯಾಗುತ್ತಿತ್ತು.

"ಓದ ಮಗೀಗೆ ಗಿಡ ನೆಟ್ಟೆ. ಬರೋ ಮಗೀಗೆ ಒಂದು ಕೈ ಮಡಗಕ್ಕೆ ಆಗ್ಲಿಲ್ವಾ ನಿಂಗೆ?"

ಇಷ್ಟು ಕೇಳಲು ಅವಳು ತಿಂಗಳುಗಟ್ಟಲೆ ಕಾದಿದ್ದಳು. ಕೆಂಪರಾಜು ತನ್ನ ಎರಡು ಅಂಗೈಯನ್ನೂ ಮುಂದೆ ಹಿಡಿದು ನೋಡಿಕೊಂಡ. ಬೆರಳ ಸಂದಿಯಲ್ಲಿ ಎಳನೀರಿನ ಕಂದು ಕರೆ ಹಾಗೇ ಇತ್ತು.

"ಈ ಕೈಯಲ್ಲೇ ಕಣೇ ಕಾಯಿ ಒಡ್ದಿದ್ದು."

ಒಂದು ಮಾತು ಹೊರಗೆ ಬಂದ ಮೇಲೆ ಉಳಿದವು ತಾವಾಗಿಯೇ ಬಂದವು. ಗುಡಿಯ ಮುಂದಿನ ಕಾಯಿ, ಕೊಟ್ಟಿಗೆಯಲ್ಲಿ ಕೇಳಿದ ಅವ್ವನ ಮಾತು, ಬಚ್ಚಲಿನಲ್ಲಿ ತೊಳೆದ ಕೈ. ಆಸ್ಪತ್ರೆಯ ಹೊರಗೆ ಟೆಂಪೊದಲ್ಲಿ ಕೂತು ಮಾಡಿದ ಹರಕೆ. ರಾಶಿಯಲ್ಲಿ ಎಳನೀರು ತಟ್ಟುವಾಗ ಪ್ರತಿ ಸಲ ಮನಸ್ಸು ಎಲ್ಲಿಗೆ ಹೋಗುತ್ತಿತ್ತು ಅನ್ನುವುದು. ಗಂಡಸು ಅಳಬಾರದು ಅಂತ ಯಾರೋ ಹೇಳಿಕೊಟ್ಟಿದ್ದರು, ಅದನ್ನು ಅವನು ಅವತ್ತು ಪಾಲಿಸಲಿಲ್ಲ.

ಕುಸುಮ ಎಲ್ಲವನ್ನೂ ಕೇಳಿದಳು. ಸಮಾಧಾನ ಮಾಡಲು ಹೋಗಲಿಲ್ಲ. ಹಾಲಿನಲ್ಲಿ ನೀರೆಷ್ಟು ಅಂತ ನೋಡುವಾಗಿನ ಮುಖ ಮಾಡಿಕೊಂಡು ಕೂತಿದ್ದಳು.

"ಅದೇ ಕೈಯಲ್ಲಿ ತಾನೆ ಸಸಿ ನೆಟ್ಟಿದ್ದು?" ಅಂದಳು ಕೊನೆಗೆ.

"ಅದು ಬದುಕಿದ್ದು ನೀನು ನೀರುಯ್ದಿದ್ದಕ್ಕೆ."

"ಊಂ. ಅದು ಗೊತ್ತಾಯ್ತಾ ಈಗ? ಕೆಟ್ಟಿದ್ದೂ ನಿನ್ ಕೈಯಿಂದ್ಲೇ, ಬದುಕಿದ್ದೂ ನಿನ್ ಕೈಯಿಂದ್ಲೇ ಅಂದ್ಕೊಂಡು ತಿರುಗ್ತಿದ್ದೀಯಲ್ಲ, ಅಷ್ಟೊಂದು ದೊಡ್ಡ ಮನುಸ್ಯನಾ ನೀನು?"

ಎಳನೀರು ಬಲಿತರೆ ಕಾಯಾಗುತ್ತದೆ ಅಂತ ಇಡೀ ಮಾರುಕಟ್ಟೆಯ ಬಾಯಿ ಮುಚ್ಚಿಸಿದವನಿಗೆ ಇದಕ್ಕೆ ಉತ್ತರ ಸಿಗಲಿಲ್ಲ. ಎರಡು ವರ್ಷದಿಂದ ಹೊತ್ತುಕೊಂಡಿದ್ದ ಮೂಟೆಯನ್ನು ಯಾರೋ ಎತ್ತಿ ನೋಡಿ, ಇದರಲ್ಲಿ ಅರ್ಧ ನನ್ನದು ಅಂದ ಹಾಗಾಯಿತು. ನಗು ಬಂತು. ಅಳುವೂ ನಿಲ್ಲಲಿಲ್ಲ.

"ಅಳಾದು ಮುಗುದ್ರೆ ಇಲ್ಲಿ ಬಾ," ಅಂದಳು ಕುಸುಮ, ಚಾಪೆಯ ಮೇಲೆ ಸರಿದು ಜಾಗ ಮಾಡಿ.

ಅವನು ಬಂದು ಪಕ್ಕದಲ್ಲಿ ಕೂತ. ಈ ಸಲ ಕೈ ತೊಳೆಯಲು ಹೋಗಲಿಲ್ಲ. ಅವಳೇ ಅವನ ಬಲಗೈಯನ್ನು ತೆಗೆದು ತನ್ನ ಹೊಟ್ಟೆಯ ಎಡಬದಿಗೆ ಇಟ್ಟುಕೊಂಡಳು. ಬಿಗಿಯಾಗಿತ್ತು, ಬೆಚ್ಚಗಿತ್ತು. ಕೆಂಪರಾಜು ಉಸಿರು ಹಿಡಿದು ಕಾದ. ಏನೂ ಆಗಲಿಲ್ಲ. ಮತ್ತಷ್ಟು ಕಾದ. ಒಳಗಿನವರು ಅಲುಗಾಡಲಿಲ್ಲ.

"ನಾನು ಮುಟ್ಟುದ್ರೆ ಸುಮ್ನಾಗೋಯ್ತದೆ ನೋಡು," ಅಂದ. ದನಿಯಲ್ಲಿ ಹಳೆಯ ಹೆದರಿಕೆ ಮತ್ತೆ ತಲೆ ಎತ್ತಿತ್ತು.

"ನಿದ್ದೆ ಮಾಡ್ತಾ ಅದೆ ಕಣೋ ಮಾರಾಯ. ಅದ್ಕೂ ಮದ್ಯಾನ ಅಲ್ವಾ? ನೀನೂ ಒಸಿ ಮಲಿಕ್ಕೊ."

ಅವನು ಮಲಗಿದ. ಕೈ ಅಲ್ಲೇ ಇತ್ತು. ಹೊರಗೆ ಎಲ್ಲೋ ಕೋಳಿ ತನ್ನಷ್ಟಕ್ಕೆ ತಾನು ಗೊಣಗುತ್ತಿತ್ತು. ಬಿಸಿಲಿನ ಚೌಕ ಜಗ್ಗನ್ನು ಬಿಟ್ಟು ಚಾಪೆಯ ಮೇಲೆ ಹತ್ತುತ್ತಿತ್ತು. ಕುಸುಮಳ ಉಸಿರಿಗೆ ಅವನ ಕೈ ಏರಿತು, ಇಳಿಯಿತು, ಮತ್ತೆ ಏರಿತು. ತಿಂಗಳುಗಳಿಂದ ಸರಿಯಾಗಿ ನಿದ್ದೆ ಮಾಡದವನಿಗೆ ರೆಪ್ಪೆ ಯಾವಾಗ ಅಂಟಿತೋ ತಿಳಿಯಲಿಲ್ಲ.

ಅವನು ತೋಟದಲ್ಲಿದ್ದ. ನಾಲೆ ತುಂಬಿ ತೋಟದ ಒಳಗೆಲ್ಲ ಕಾಲು ಮುಳುಗುವಷ್ಟು ನೀರು ನಿಂತಿತ್ತು. ನೀರು ಕ್ಯಾನು ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಮೂಲೆಯ ಸಸಿ ದೊಡ್ಡ ಮರವಾಗಿ, ಅದರ ಗರಿಗಳ ನೆರಳು ಆ ಬಿಳಿ ನೀರಿನ ಮೇಲೆ ಮೆಲ್ಲಗೆ ಓಲಾಡುತ್ತಿತ್ತು. ಮರದ ಬುಡದಲ್ಲಿ ಪುಟ್ಟ ಮಗು ನಿಂತಿತ್ತು. ಆಗಷ್ಟೇ ನಡೆಯಲು, ಓಡಲು ಕಲಿತ ವಯಸ್ಸು. ತನಗಿಂತ ದೊಡ್ಡದಾದ ನೀಲಿ ಜಗ್ಗನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದು, ದಾರಿಯುದ್ದಕ್ಕೂ ಚೆಲ್ಲಿಕೊಂಡು ಅವನ ಕಡೆ ಬಂತು. ಯಾರ ಮಗು ಅಂತ ಅವನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಹತ್ತಿರ ಬಂದು ಜಗ್ಗನ್ನು ಅವನ ಕೈಗೆ ಕೊಟ್ಟಿತು. ಕೊಟ್ಟು, ಕೆಲಸ ಮುಗಿಯಿತು ಅನ್ನುವ ಹಾಗೆ ಕೈ ಒರೆಸಿಕೊಂಡು ಬದುವಿನ ಆಚೆಗೆ ನಡೆದುಹೋಯಿತು. ಕರೆಯಬೇಕು ಅನ್ನಿಸಿತು. ಆದರೆ ಕೈಯಲ್ಲಿದ್ದ ಜಗ್ಗು ಭಾರವಾಗಿತ್ತು, ಬೆಚ್ಚಗಿತ್ತು. ಬಿಟ್ಟು ಓಡುವ ಹಾಗಿರಲಿಲ್ಲ. ಒಳಗೆ ಯಾರೋ ತಟ್ಟಿದರು. ಅವನು ಬಗ್ಗಿ ಕಿವಿ ಕೊಟ್ಟ. ಮತ್ತೆ ತಟ್ಟಿದರು.

ಕಣ್ಣು ಬಿಟ್ಟ. ತಟ್ಟುವುದು ನಿಂತಿರಲಿಲ್ಲ. ಅವನ ಅಂಗೈಯ ಕೆಳಗೆ, ಅಲ್ಲೇ, ಇನ್ನೊಮ್ಮೆ.

ಕುಸುಮ ಎಚ್ಚರವಾಗಿದ್ದಳು. ಅವನ ಮುಖವನ್ನೇ ನೋಡುತ್ತಾ ಮಲಗಿದ್ದಳು. ಕೆಂಪರಾಜು ಮೆಲ್ಲಗೆ ಎದ್ದು, ಬಗ್ಗಿ, ಮಾರುಕಟ್ಟೆಯಲ್ಲಿ ಸಾವಿರ ಸಲ ಮಾಡಿದ ಹಾಗೆಯೇ ಹೊಟ್ಟೆಗೆ ಕಿವಿಯಿಟ್ಟು ಎರಡು ಬೆರಳಿನಲ್ಲಿ ತಟ್ಟಿದ. ಕಣ್ಣು ಅರೆಮುಚ್ಚಿ ಕಾದ. ಒಳಗಿಂದ ಉತ್ತರ ಬಂತು, ಸರಿಯಾಗಿ ಅವನ ಕೆನ್ನೆಗೆ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಕೇಳುವಷ್ಟು ಗಟ್ಟಿಯಾಗಿತ್ತು ಆ ಒದೆ.

"ಏನಂತೆ?" ಅಂದಳು ಕುಸುಮ. "ಗಂಜಿ ಕಟ್ಟ್ಯದಾ?"

"ಕಟ್ಟ್ಯದೆ," ಅಂದ. ಇಷ್ಟು ದಿನ ತಣಿಸಿಟ್ಟದ್ದು ಒಂದೇ ಸಲಕ್ಕೆ ಉಕ್ಕಿ ಬಂದಿತ್ತು. ಇದು ನನ್ನ ಮಗು ಅನ್ನುವ ಮಾತು ಅವನಿಗೆ ಅವತ್ತು ಮೊದಲ ಸಲ ಅರ್ಥವಾಯಿತು.

ಆ ಹೊತ್ತಿಗೆ ಕರಿಯಪ್ಪ ಗದ್ದೆಯಿಂದ ಬಂದ. ಹೊಸ್ತಿಲ ಒಳಗೆ ಒಂದು ಕಾಲಿಟ್ಟವನು ಅಳಿಯನ ತಲೆ ಎಲ್ಲಿದೆ ಅಂತ ನೋಡಿ, ಕೆಮ್ಮಿ, ಇಟ್ಟ ಕಾಲನ್ನು ಹಾಗೇ ಹಿಂದೆ ತೆಗೆದುಕೊಂಡು ಅಂಗಳಕ್ಕೆ ಹೋದ.

"ಅಳೀಮಯ್ಯ ಎಳನೀರ್ ತಂದವ್ರೆ," ಅಂತ ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡ. "ಎರಡು ಕೊಚ್ತೀನಿ ತಡೀರಿ."

ಅಂಗಳದಲ್ಲಿ ಮಚ್ಚು ಬಿತ್ತು, ಜೋರಾಗಿ. ಕೆಂಪರಾಜುವಿನ ಭುಜ ಅಲುಗಲಿಲ್ಲ. ಬೆಚ್ಚಿದ್ದು ಒಳಗಿದ್ದವರು. ಅವನ ಅಂಗೈಯ ಕೆಳಗೆ ಆ ಪುಟ್ಟ ಮೈ ಒಮ್ಮೆ ಮುದುಡಿಕೊಂಡದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅವನು ಇನ್ನೊಂದು ಕೈಯನ್ನೂ ತಂದು ಹೊಟ್ಟೆಯ ಮೇಲಿಟ್ಟು, ಬಾಯಿ ಹತ್ತಿರಕ್ಕೆ ತಂದು, ಮೆಲ್ಲಗೆ ಮಾತಾಡಿದ.

"ಎದ್ರುಕೋಬ್ಯಾಡ ಕಣ್ ಮಗ. ಅದು ಬರೀ ಎಳನೀರು."